ಕಂಪ್ಲಿಯಿಂದ ಮೂರು ಚೀಲ ಬೂದಿ

ರಾಕೆಟ್ ಕೇಂದ್ರದ ವಸತಿ, ಕಡಲತೀರ
3 ಮಾರ್ಚ್ 1974

ಅಕ್ಕನಿಗೆ ಪಂಪಣ್ಣನ ನಮಸ್ಕಾರ.

ನಾನು ಕ್ಷೇಮ. ಒಂದು ಕೆಲಸ ಹೇಳುತ್ತೇನೆ, ನಗಬೇಡ. ಮೂಕಣ್ಣ ಮಾವ ದುಡಿಯುವ ಅಕ್ಕಿ ಗಿರಣಿಯ ಹಿಂದೆ ಬೂದಿಯ ತಿಪ್ಪೆ ಇದೆಯಲ್ಲ, ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿದು ಬೀಳುವ ಬೂದಿ, ಅದರಲ್ಲಿ ಒಂದು ಚೀಲ ನನಗೆ ಬೇಕು. ಪೂರ್ತಿ ಉರಿದು ಬೆಳ್ಳಗಾದದ್ದೇ ಬೇಕು. ಕಪ್ಪು ಇದ್ದದ್ದು ಬೇಡ.

ಇಲ್ಲಿ ನಾನಿರುವ ವಿಭಾಗದವರು ಶಾಖ ದಾಟದ ವಸ್ತುಗಳನ್ನು ಹುಡುಕುತ್ತಿದ್ದಾರೆ. ಮೊನ್ನೆ ಚಹಾ ಕುಡಿಯುವಾಗ ನಾನು ಸುಮ್ಮನೆ ನನ್ನ ಕಾಲಿನ ಕಥೆ ಹೇಳಿದೆ. ಚಿಕ್ಕವನಿದ್ದಾಗ ಆ ತಿಪ್ಪೆ ಹತ್ತಿ ಓಡಲು ಹೋಗಿ ಮೊಣಕಾಲ ತನಕ ಇಳಿದುಬಿಟ್ಟಿದ್ದೆ. ಮೇಲೆ ತಣ್ಣಗೆ, ಒಳಗೆ ಕೆಂಡ. ನೀನು ಲೋಳೆಸರ ಹಚ್ಚಿ ದಿನವಿಡೀ ಬೈಯುತ್ತಾ ಕೂತಿದ್ದೆ. ನಮ್ಮ ಮುಖ್ಯಸ್ಥರು ಲೋಟ ಕೆಳಗಿಟ್ಟು, ಒಳಗಿನ ಬೆಂಕಿ ಮೇಲೆ ಗೊತ್ತಾಗಲೇ ಇಲ್ಲವೇ ಎಂದು ಎರಡು ಸಲ ಕೇಳಿದರು. ತರಿಸಿ ನೋಡೋಣ ಎಂದರು.

ಹೊಸಪೇಟೆಯಿಂದ ರೈಲ್ವೆ ಪಾರ್ಸೆಲ್ ಮಾಡಿಸು. ಮಾವನಿಗೆ ನಮಸ್ಕಾರ.

ನಿನ್ನ ತಮ್ಮ,
ಪಂಪಣ್ಣ


ಕಂಪ್ಲಿ
16 ಮಾರ್ಚ್ 1974

ತಮ್ಮ ಪಂಪಣ್ಣನಿಗೆ ತಾಯಕ್ಕ ಮಾಡುವ ಆಶೀರ್ವಾದ.

ನಗಬೇಡ ಎಂದು ಬರೆದರೆ ನಗು ನಿಲ್ಲುತ್ತದೆಯೇ? ಅಷ್ಟು ಓದಿ ಅಷ್ಟು ದೂರ ಹೋಗಿ, ಈಗ ಅಕ್ಕನ ಹತ್ತಿರ ಬೂದಿ ಬೇಡುತ್ತಿದ್ದೀಯ. ನಮ್ಮ ಮನೆಯವರು, ಅದೇ ನಿನ್ನ ಮಾವ, ಕಾಗದ ಕೇಳಿ, "ನಿನ್ನ ತಮ್ಮಗ ಅಲ್ಲಿ ಪಾತ್ರೆ ತಿಕ್ಕೂ ಕೆಲಸ ಕೊಟ್ಟಾರೇನು?" ಎಂದರು. ಆದರೂ ತಾವೇ ಸಲಿಕೆ ಹಿಡಿದು ತಿಪ್ಪೆಯ ನಡುವಿನಿಂದ ಬೆಳ್ಳಗಿನದನ್ನು ತೆಗೆದುಕೊಟ್ಟರು.

ಹೊಸಪೇಟೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಬರೆಯುವವನು "ಏನೈತಿ ಇದರಾಗ?" ಎಂದ. ಬೂದಿ ಎಂದೆ. ಅವನು ಪೆನ್ನು ಕೆಳಗಿಟ್ಟು, "ಯಾವಾಗ ತೀರಿಕೊಂಡ್ರಮ್ಮ?" ಎಂದು ಭಾಳ ಮೆತ್ತಗೆ ಕೇಳಿದ. ಇಡೀ ಚೀಲ ನೋಡಿ, ಎಷ್ಟು ಜನ ಎಂದು ಕೇಳಲಿಲ್ಲ, ಪುಣ್ಯ.

ಇನ್ನೊಂದು ಮಾತು. ಗಿರಣಿಯ ಗುಮಾಸ್ತರಿಗೆ ಕಣ್ಣು ಕಾಣುತ್ತಿಲ್ಲ. ಮಾಲೀಕರಾದ ಅಂದಾನಪ್ಪನವರು ನಿನ್ನ ಮಾವನನ್ನು ಕರೆದು, "ಪಂಪಣ್ಣ ಬರ್ತಾನೇನು ಕೇಳ್ರಿ, ಬೇಕಾದ್ರ ಒಂದು ವರ್ಷ ಕಾಯ್ತೀನಿ" ಎಂದಿದ್ದಾರೆ. ಕಾಲುವೆ ಬಂದ ಮೇಲೆ ಗಿರಣಿಗಳಿಗೆ ಬಿಡುವೇ ಇಲ್ಲ. ಕೂತು ಮಾಡುವ ಕೆಲಸ, ಮಧ್ಯಾಹ್ನ ಮನೆಯ ಊಟ. ಅವ್ವ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತವಳು ನಾನು. ಕೇಳುವ ಹಕ್ಕಿದೆ ಎಂದು ಕೇಳುತ್ತಿದ್ದೇನೆ. ನೀನು ಇಲ್ಲಿದ್ದರೆ ನನಗೆ ಚೆನ್ನಾಗಿರುತ್ತದೆ.

ನಿನ್ನ ಅಕ್ಕ,
ತಾಯಕ್ಕ


ರಾಕೆಟ್ ಕೇಂದ್ರದ ವಸತಿ
20 ಜೂನ್ 1974

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಬೂದಿ ತೇರ್ಗಡೆಯಾಗಿದೆ. ಅಂಟಿನಲ್ಲಿ ಕಲಸಿ, ಬಿಲ್ಲೆ ಒತ್ತಿ, ಬೆಸುಗೆಯ ಜ್ವಾಲೆ ಹಿಡಿದು ನೋಡಿದೆವು. ಒಂದು ಕಡೆ ಕೆಂಪಗೆ ಕಾದಿತ್ತು. ಇನ್ನೊಂದು ಕಡೆಯನ್ನು ನಾನು ಬರಿಗೈಯಲ್ಲಿ ಹಿಡಿದಿದ್ದೆ. ಎಲ್ಲರೂ ಅದನ್ನೀಗ ಕಂಪ್ಲಿ ಬೂದಿ ಎಂದೇ ಕರೆಯುತ್ತಾರೆ.

ಯಾಕೆ ಬೇಕು ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದು ರಾಕೆಟ್ ಇದೆ. ಅದರ ತುದಿಗೆ, ಕೂಸಿನ ತಲೆಗೆ ಕುಲಾವಿ ಹಾಕಿದಂತೆ, ಒಂದು ಮೊನಚಾದ ಟೊಪ್ಪಿಗೆ. ರಾಕೆಟ್ ಅದನ್ನು ಗಾಳಿಯೇ ಇಲ್ಲದಷ್ಟು ಮೇಲೆ ಒಯ್ಯುತ್ತದೆ. ಅಲ್ಲಿ ಮುಖ ಕೆಳಗೆ ಮಾಡಿ, ಇನ್ನೊಂದು ಸಲ ಉರಿದು, ಜೋರಾಗಿ ಕೆಳಗೆ ನೂಕುತ್ತದೆ. ಗಾಳಿಗೆ ಉಜ್ಜಿ ಕುಲಾವಿ ಕೆಂಡವಾಗುತ್ತದೆ. ಒಳಗಿನ ಉಪಕರಣ ಸುಡದೆ ಕೆಳಗೆ ಬಂದರೆ ಗೆದ್ದ ಹಾಗೆ. ಮೇಲೆ ಹೋಗುವುದನ್ನು ಕಲಿತಾಗಿದೆ, ತಿರುಗಿ ಬರುವುದನ್ನು ಕಲಿಯಬೇಕಾಗಿದೆ. ಹೊರಪದರದ ಅಡಿಯಲ್ಲಿ ಹಾಕುವುದು ನಿಮ್ಮ ಗಿರಣಿಯ ಬೂದಿ.

ಗುಮಾಸ್ತಿಕೆಯ ವಿಷಯ. ಇಲ್ಲಿ ನನ್ನದು ಹಂಗಾಮಿ ಕೆಲಸ. ಕುಲಾವಿ ಸುಡದೆ ಬಂದರೆ ಬೂದಿಯ ಕೆಲಸ ಮುಂದುವರಿಯುತ್ತದೆ, ನಾನು ಕಾಯಂ ಆಗುತ್ತೇನೆ. ಸುಟ್ಟರೆ ಮುಂದಿನ ಯುಗಾದಿಗೆ ನಿಮ್ಮ ಜೊತೆ ಕೂತು ಹೋಳಿಗೆ ತಿನ್ನುತ್ತೇನೆ. ಅಂದಾನಪ್ಪನವರಿಗೆ ಅಲ್ಲಿಯ ತನಕ ತಡೆಯಲು ಹೇಳು.

ಮೊದಲ ಚೀಲ ಪರೀಕ್ಷೆಗಳಲ್ಲೇ ಮುಗಿದಿದೆ. ಇನ್ನೊಂದು ಚೀಲ ಕಳಿಸು. ಅದೇ ಬಾಯ್ಲರಿನದು, ಅಷ್ಟೇ ಬಿಳಿಯದು. ಅದು ಹಾರುವ ಕುಲಾವಿಗೆ.

ಪಂಪಣ್ಣ


ಕಂಪ್ಲಿ
12 ಜುಲೈ 1974

ತಮ್ಮ ಪಂಪಣ್ಣನಿಗೆ ಆಶೀರ್ವಾದ.

ಬೀಳಿಸಲಿಕ್ಕೇ ಅಷ್ಟು ಮೇಲೆ ಒಯ್ಯುವುದಾದರೆ ಹೇಮಕೂಟದ ಗುಡ್ಡದ ಮೇಲಿನಿಂದ ಬೀಳಿಸಬಹುದಿತ್ತಲ್ಲ ಎಂದು ನಿನ್ನ ಮಾವ ಕೇಳುತ್ತಿದ್ದಾರೆ. ನನಗೆ ಅರ್ಥವಾಯಿತು. ಹೋದದ್ದು ತಿರುಗಿ ಬರಬೇಕು, ಅಷ್ಟೇ ತಾನೆ.

ಚೀಲ ಕಳಿಸಿದ್ದೇನೆ. ಸೋಮವಾರ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಹಣ್ಣು ಕಾಯಿ ಮಾಡಿಸಿಕೊಂಡು ಬಂದು, ಮಾರನೆಯ ದಿನ ನಾನೇ ಕೈಯಾರೆ ಕಟ್ಟಿದೆ. ಹಿಂದಿನದಕ್ಕಿಂತ ಚೆನ್ನಾದ ಬೂದಿ ಇದು. ಹೆಚ್ಚು ಹೇಳುವುದಿಲ್ಲ. ನಿನಗೆ ಒಳ್ಳೆಯದೇ ಆಗುತ್ತದೆ.

ಅಂದಾನಪ್ಪನವರು ಯುಗಾದಿಯ ತನಕ ಎಂದರೆ ಯುಗಾದಿಯ ತನಕ ಎಂದರು. ಕಾಲುವೆಗೆ ನೀರು ಬಿಟ್ಟಿದ್ದಾರೆ. ಊರಲ್ಲಿ ಕೂಲಿಗೆ ಒಬ್ಬರೂ ಸಿಗುತ್ತಿಲ್ಲ, ಎಲ್ಲರೂ ನಾಟಿಗೆ ಇಳಿದಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು.

ತಾಯಕ್ಕ


ರಾಕೆಟ್ ಕೇಂದ್ರದ ವಸತಿ
2 ನವೆಂಬರ್ 1974

ಅಕ್ಕನಿಗೆ ನಮಸ್ಕಾರ.

ಎರಡನೆಯ ಚೀಲ ಬಂದಾಗ ಸಮಯ ಇರಲಿಲ್ಲ. ಮತ್ತೆ ಎಲ್ಲ ಪರೀಕ್ಷೆ ಮಾಡಬೇಕೇ ಎಂದು ಮುಖ್ಯಸ್ಥರು ಕೇಳಿದರು. ಅದೇ ಗಿರಣಿ, ಅದೇ ಬಾಯ್ಲರು, ಕಟ್ಟಿದವಳು ನನ್ನ ಅಕ್ಕ ಎಂದು ಹೇಳಿ ಸಹಿ ಹಾಕಿದೆ. ಈಗ ಅದು ಕುಲಾವಿಯೊಳಗೆ ಕೂತಿದೆ. ಕೈಯಿಂದ ಸವರಿದರೆ ಬಿಸಿಲಿಗೆ ಒಣಗಿದ ಸಾರಣೆಯ ನೆಲದಷ್ಟು ನುಣುಪು.

ದಿನ ಯಾವುದು ಎಂದು ಬರೆಯುವ ಹಾಗಿಲ್ಲ. ಕೆಲವು ವಾರ ಕಾಗದ ಬರದಿದ್ದರೆ ಗಾಬರಿಯಾಗಬೇಡ.

ಪಂಪಣ್ಣ


ಕಂಪ್ಲಿ
28 ನವೆಂಬರ್ 1974

ತಮ್ಮನಿಗೆ ಆಶೀರ್ವಾದ.

ಗಾಬರಿಯಾಗಬೇಡ ಎಂದು ಬರೆದವರು ಗಾಬರಿಯಾಗದ ಹಾಗೆ ನಡೆದುಕೊಳ್ಳಬೇಕು. ಒಂದು ಕಾರ್ಡೂ ಇಲ್ಲ. ಹಾರಿತೋ? ಬಂತೋ? ಒಂದೇ ಮಾತು ಬರೆದರೆ ಸಾಕು.

ಇಲ್ಲಿ ಕೊಯ್ಲು ನಡೆದಿದೆ. ಗಿರಣಿಯ ಮುಂದೆ ಬಂಡಿಗಳು ಸೇತುವೆಯ ತನಕ ನಿಂತಿವೆ. ನಿನ್ನ ಮಾವ ಮನೆಗೆ ಬರುವುದು ಉಣ್ಣಲಿಕ್ಕೆ ಮಾತ್ರ. ನಾನು ಸೋಮವಾರ ಒಪ್ಪೊತ್ತು ಇರುತ್ತಿದ್ದೇನೆ. ಯಾಕೆ ಎಂದು ಕೇಳಬೇಡ.

ತಾಯಕ್ಕ


ರಾಕೆಟ್ ಕೇಂದ್ರದ ವಸತಿ
15 ಡಿಸೆಂಬರ್ 1974

ಅಕ್ಕನಿಗೆ ನಮಸ್ಕಾರ.

ಹಾರಿತು. ತಿರುಗಿ ಬಂತು. ಸಮುದ್ರದಲ್ಲಿ ಬಿದ್ದದ್ದನ್ನು ಮೀನುಗಾರರ ದೋಣಿಯವರು ಎತ್ತಿಕೊಂಡು ಬಂದರು. ಬೂದಿ ಚೆನ್ನಾಗಿ ನಿಂತಿದೆ. ಎಲ್ಲರಿಗೂ ಸಂತೋಷವಾಗಿದೆ.

ಇನ್ನು ಒಪ್ಪೊತ್ತು ಬಿಡು. ಕೆಲಸ ಇದೆ, ಹೆಚ್ಚು ಬರೆಯಲು ಆಗುತ್ತಿಲ್ಲ.

ಪಂಪಣ್ಣ


ಕಂಪ್ಲಿ
26 ಡಿಸೆಂಬರ್ 1974

ನನ್ನ ಬಂಗಾರದಂಥ ತಮ್ಮನಿಗೆ ತಾಯಕ್ಕನ ಸಾವಿರ ಆಶೀರ್ವಾದ.

ನಿನ್ನ ಕಾಗದವನ್ನು ಗಿರಣಿಯ ಕಣದಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದೆ. ಭತ್ತ ಹರವುವ ಹೆಂಗಸರೆಲ್ಲ ಕೈ ಬಿಟ್ಟು ಕೇಳಿದರು. "ನಮ್ಮ ತಿಪ್ಪಿ ಬೂದಿ ಆಕಾಶ ನೋಡಿ ಬಂತಲ್ರಿ!" ಎಂದು ವಿರುಪಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಂದಾನಪ್ಪನವರು ಮಂಡಕ್ಕಿ ಮಿರ್ಚಿ ತರಿಸಿದರು. ನಿನ್ನ ಮಾವ ಆ ತಿಪ್ಪೆಗೆ ಯಾರೂ ಉಗುಳಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾರೆ. ನೀನು ಇನ್ನು ಊರಿಗೆ ಬರುವುದಿಲ್ಲ ಎಂದು ನೆನೆದು ಒಂದು ಗಳಿಗೆ ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಸಮಾಧಾನ ಆಯಿತು.

ಈಗ ಹೇಳಬಹುದು. ಹರಕೆ ಕೈಗೂಡುವ ತನಕ ಗಂಡನ ಮುಂದೆಯೂ ಬಾಯಿ ಬಿಡಬಾರದು ಎಂದು ಅವ್ವ ಕಲಿಸಿದ್ದಳು, ಅದಕ್ಕೇ ಇಷ್ಟು ದಿನ ತಡೆದುಕೊಂಡೆ. ಊರು ಬಿಟ್ಟು ಹೋಗುವವರ ಗಂಟಿನಲ್ಲಿ ವಿಭೂತಿ ಇಡುವುದು ನಮ್ಮ ಮನೆಯ ರೂಢಿ. ನೀನು ಹೊರಟಾಗ ನಿನ್ನ ಟ್ರಂಕಿನಲ್ಲಿಯೂ ಇಟ್ಟಿದ್ದೆ. ಇದು ನಿನಗಿಂತ ದೂರ ಹೋಗುವ ವಸ್ತು. ಅದಕ್ಕೇ ಆ ಸೋಮವಾರ ವಿರೂಪಾಕ್ಷನ ಪಾದಕ್ಕೆ ಮುಟ್ಟಿಸಿ ಒಂದು ಮೊರದ ತುಂಬ ವಿಭೂತಿ ಗಟ್ಟಿ ತಂದೆ. ಕುಟ್ಟಿ, ಸೀರೆಯ ತುಂಡಿನಲ್ಲಿ ಸೋಸಿ, ಇಡೀ ಚೀಲಕ್ಕೆ ಹದವಾಗಿ ಬೆರೆಸಿದೆ. ಎರಡೂ ಬಿಳಿ, ಗುರುತೇ ಹತ್ತಲಿಲ್ಲ. ಹೋದದ್ದು ಸುಡದೆ ಬರಲಿ ಎಂದು ಬೇಡಿಕೊಂಡಿದ್ದೆ. ಬಂತು ನೋಡು.

ನಿಮ್ಮ ಸಾಹೇಬರಿಗೆ ಹೇಳು, ಇನ್ನು ಎಷ್ಟು ಚೀಲ ಬೇಕಾದರೂ ಹೀಗೆಯೇ ಮಾಡಿ ಕಳಿಸುತ್ತೇನೆ.

ನಿನ್ನ ಅಕ್ಕ,
ತಾಯಕ್ಕ


ರಾಕೆಟ್ ಕೇಂದ್ರದ ವಸತಿ
19 ಜನವರಿ 1975

ಅಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಇದನ್ನು ಕಣದಲ್ಲಿ ಓದಬೇಡ.

ಕುಲಾವಿ ಸುಟ್ಟುಹೋಗಿತ್ತು. ಹಾರಿದ್ದು ನಿಜ, ದೋಣಿಯವರು ತಂದದ್ದೂ ನಿಜ. ಬೂದಿ ನಿಂತಿತು ಎಂದು ಬರೆದದ್ದು ಸುಳ್ಳು. ಒಂದು ಪಕ್ಕದಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು. ಒಳಗಿನ ಬೂದಿ ಬೆಲ್ಲದ ಪಾಕದ ಹಾಗೆ ಕರಗಿ, ಇಳಿದು, ಗಾಜಾಗಿ ಗಟ್ಟಿಯಾಗಿತ್ತು. ಉಪಕರಣದಲ್ಲಿ ಏನೂ ಉಳಿದಿರಲಿಲ್ಲ. ನೀನು ನನಗಾಗಿ ಒಪ್ಪೊತ್ತು ಇದ್ದೀಯ, ನಿನಗೆ ಇದನ್ನು ಹೇಗೆ ಬರೆಯಲಿ ಎಂದು ಸುಳ್ಳು ಬರೆದೆ. ಆ ಸುಳ್ಳನ್ನು ನಂಬಿ ನೀನು ನಿಜ ಬರೆದೆ. ನಾನು ನಿಜ ಬರೆದಿದ್ದರೆ ನನಗೆ ಕಾರಣ ಗೊತ್ತೇ ಆಗುತ್ತಿರಲಿಲ್ಲ.

ಕಾರಣ ಇದು. ಹೊಟ್ಟಿನ ಬೂದಿ ಮರಳಿನ ಜಾತಿಯದು, ಸುಲಭಕ್ಕೆ ಕರಗುವುದಿಲ್ಲ. ವಿಭೂತಿ ಸಗಣಿಯ ಬೂದಿ, ಅದರಲ್ಲಿ ಕ್ಷಾರ ಇರುತ್ತದೆ, ಸುಣ್ಣ ಇರುತ್ತದೆ. ಬಳೆ ಮಾಡುವವರು ಮರಳು ಬೇಗ ಕರಗಲಿ ಎಂದು ಬೆರೆಸುವುದೂ ಅಂಥದ್ದನ್ನೇ. ನೀನು ಹದವಾಗಿ ಬೆರೆಸಿದ್ದರಿಂದ ಎಲ್ಲ ಕಡೆಯೂ ಹದವಾಗಿ ಕರಗಿತು. ಹೊಟ್ಟಿನ ಬೂದಿಯನ್ನು ನಂಬುವ ಹಾಗಿಲ್ಲ ಎಂದು ಇಲ್ಲಿ ಕಡತ ಮುಚ್ಚಿದ್ದರು.

ನಿನ್ನ ಕಾಗದ ಬಂದ ಮೇಲೆ ಮುಖ್ಯಸ್ಥರ ಹತ್ತಿರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಬೇರೆ ಬೂದಿ ಬೆರೆತಿತ್ತು, ಪರೀಕ್ಷಿಸದೆ ಸಹಿ ಹಾಕಿದವನು ನಾನು ಎಂದು ಬರೆದುಕೊಟ್ಟಿದ್ದೇನೆ. ನಿನ್ನ ಹೆಸರು ಎಲ್ಲಿಯೂ ಇಲ್ಲ. ಮಾರ್ಚ್ ಮುಗಿಯುವುದರೊಳಗೆ ಶುದ್ಧ ಬೂದಿ ಬಂದರೆ ಮತ್ತೆ ಪರೀಕ್ಷೆಗೆ ಹಾಕುತ್ತಾರೆ, ನಿಂತರೆ ಇನ್ನೊಂದು ಕುಲಾವಿ ಹಾರಿಸುತ್ತಾರೆ. ಬರದಿದ್ದರೆ ನನ್ನ ಅವಧಿಯೂ ಮಾರ್ಚಿಗೆ ಮುಗಿಯುತ್ತದೆ.

ಇನ್ನೊಂದು ಚೀಲ ಕಳಿಸು. ಬರಿ ಬೂದಿ. ಏನೂ ಬೆರೆಸಬೇಡ, ಒಂದು ಚಿಟಿಕೆಯೂ ಬೇಡ.

ಪಂಪಣ್ಣ


ರಾಕೆಟ್ ಕೇಂದ್ರದ ವಸತಿ
22 ಫೆಬ್ರವರಿ 1975

ಅಕ್ಕ,

ಉತ್ತರ ಇಲ್ಲ. ಪಾರ್ಸೆಲ್ ಆಫೀಸಿಗೆ ದಿನಾ ಹೋಗಿ ಬರುತ್ತಿದ್ದೇನೆ. ಅಲ್ಲಿಯವರು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ.

ನಾನು ಬರೆದ ರೀತಿ ಒರಟಾಯಿತೇನೋ. ತಪ್ಪು ಯಾರದು ಎಂದು ಹೇಳಲು ಬರೆದದ್ದಲ್ಲ. ನೀನು ಇಟ್ಟ ವಿಭೂತಿ ಗಟ್ಟಿ ಇನ್ನೂ ನನ್ನ ಟ್ರಂಕಿನಲ್ಲಿದೆ, ತೆಗೆದಿಲ್ಲ.

ಬೂದಿ ಕಳಿಸದಿದ್ದರೂ ಸರಿ, ಕಾಗದ ಬರೆ. ಅಂದಾನಪ್ಪನವರ ಗುಮಾಸ್ತಿಕೆ ಇನ್ನೂ ಖಾಲಿ ಇದ್ದರೆ ಅದನ್ನಾದರೂ ತಿಳಿಸು. ಬಂದುಬಿಡುತ್ತೇನೆ.

ಪಂಪಣ್ಣ


ಕಂಪ್ಲಿ
5 ಮಾರ್ಚ್ 1975

ತಮ್ಮ ಪಂಪಣ್ಣನಿಗೆ ತಾಯಕ್ಕನ ಆಶೀರ್ವಾದ.

ಸಿಟ್ಟು ಬಂದಿತ್ತು. ದೇವರ ಪಾದಕ್ಕೆ ಮುಟ್ಟಿಸಿ ತಂದದ್ದು ಸುಟ್ಟು ತೂತು ಮಾಡಿತು ಎಂದು ಬರೆದೆಯಲ್ಲ, ಅದನ್ನು ಎಷ್ಟು ಸಲ ಓದಿದರೂ ಗಂಟಲಲ್ಲಿ ಇಳಿಯಲಿಲ್ಲ. ಹಂಪಿಗೂ ಹೋಗಲಿಲ್ಲ, ನಿನಗೂ ಬರೆಯಲಿಲ್ಲ. ಕಡೆಗೆ ನಿನ್ನ ಮಾವ, "ದೇವರ ಮ್ಯಾಲ ಯಾಕ ಮುನಿಸಿಕೋತಿ? ಬೆರೆಸಿದ್ದು ನಿನ್ನ ಕೈ. ಅಂವ ಕೇಳಿದ್ದೇನು, ನೀ ಕಳಿಸಿದ್ದೇನು?" ಎಂದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಿಟ್ಟು ಇಳಿದ ಮೇಲೆಯೂ ಕೆಲವು ದಿನ ಸುಮ್ಮನಿದ್ದೆ. ಚೀಲ ಕಳಿಸದಿದ್ದರೆ ನೀನು ಯುಗಾದಿಗೆ ಬರುತ್ತೀಯ ಎಂದು ನೀನೇ ಬರೆದಿದ್ದೀಯ. ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು. ನಡುಮನೆಯಲ್ಲಿ ನಿನ್ನ ಮಂಚಕ್ಕೆ ಹೊಸ ನವಾರು ಹಾಕಿಸುವ ತನಕ ಹೋದೆ. ಆಮೇಲೆ ನಿನ್ನ ಎರಡನೆಯ ಕಾಗದ ಬಂತು. ಬಂದುಬಿಡುತ್ತೇನೆ ಎಂದು ಬರೆದಿದ್ದೆ. ಚಿಕ್ಕವನಿದ್ದಾಗ ಹೊಡೆತ ತಿಂದು ಮೂಲೆಯಲ್ಲಿ ಕೂತು ಊಟ ಬೇಡ ಅನ್ನುತ್ತಿದ್ದೆಯಲ್ಲ, ಅದೇ ದನಿ. ಅಂಥ ಮುಖ ಹೊತ್ತುಕೊಂಡು ಬರುವ ಗುಮಾಸ್ತ ನನಗೆ ಬೇಡ. ಬೇರೆಯವರನ್ನು ನೋಡಿಕೊಳ್ಳಿ ಎಂದು ಅಂದಾನಪ್ಪನವರಿಗೆ ಹೇಳಿಬಿಟ್ಟೆ. ಮರಿಯಮ್ಮನಹಳ್ಳಿಯ ಹುಡುಗ ಒಬ್ಬ ಬಂದಿದ್ದಾನೆ.

ಚೀಲ ನಿನ್ನೆ ರೈಲು ಹತ್ತಿತು. ಹೊಸ ಗೋಣಿ, ಎರಡು ಸಲ ಕುದಿಸಿ ಒಣಗಿಸಿದ್ದು. ನಿನ್ನ ಮಾವ ಬಾಯ್ಲರನ್ನು ಆರಿಸಿ, ಒಳಗೆಲ್ಲ ಗುಡಿಸಿ, ಹೊಸ ಹೊಟ್ಟು ಉರಿಸಿ ತೆಗೆದ ಬೂದಿ.

ಮೊನ್ನೆ ಸೋಮವಾರ ಕಟ್ಟಿದೆವು. ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಹೋಗಿದ್ದೆ. ಬಾಯ್ಲರಿನ ಹತ್ತಿರ ಬೆವರು ಇಳಿಯಿತು. ಬಗ್ಗಿ ಗೋಣಿಯ ಬಾಯಿ ಹಿಡಿದಾಗ ಒಂದು ಚಿಟಿಕೆಯೂ ಬೇಡ ಎಂದು ನೀನು ಬರೆದದ್ದು ನೆನಪಾಯಿತು. ಎದ್ದು ತೊಟ್ಟಿಗೆ ಹೋಗಿ ತೊಳೆದುಕೊಂಡೆ. ಆಮೇಲೆ ಯೋಚನೆ ಬಂತು, ಕುಂಕುಮಕ್ಕೂ ಸುಣ್ಣ ಹಾಕುತ್ತಾರಲ್ಲ. ಅದನ್ನೂ ತೊಳೆದುಕೊಂಡೆ. ಗಂಡ ಕಣ್ಣೆದುರಿಗೇ ಸಲಿಕೆ ಹಿಡಿದು ನಿಂತಿರುವಾಗ ಬೋಳು ಹಣೆಯಲ್ಲಿ ತಿರುಗಿ ಬಂದೆ. ವಿರುಪಮ್ಮ ಕುಂಕುಮದ ಭರಣಿ ತರಲು ಮನೆಗೆ ಓಡಿದಳು. ನಿನ್ನ ಮಾವ ನನ್ನ ಮುಖ ನೋಡಿದರು, ಆಮೇಲೆ ಗೋಣಿ ನೋಡಿದರು. "ಜಲ್ದಿ ಕಟ್ಟು" ಎಂದರು, ಅಷ್ಟೇ.

ಮನೆಯಲ್ಲಿ ಚೀಲ ಇರುವ ತನಕ ಹಾಗೆಯೇ ಇದ್ದೆ. ನಿನ್ನೆ ಹೊಸಪೇಟೆ ಸ್ಟೇಷನ್ನಿನಲ್ಲಿ ಅದೇ ಪಾರ್ಸೆಲ್ಲಿನವನು ನನ್ನನ್ನು ನೋಡಿದ, ಬೂದಿ ಎಂದು ಬರೆದುಕೊಂಡ, ಈ ಸಲ ಏನೂ ಕೇಳಲಿಲ್ಲ. ಚೀಲ ರೈಲಿನ ಡಬ್ಬಿಯೊಳಗೆ ಹೋದ ಮೇಲೆ ನಲ್ಲಿಯ ಹತ್ತಿರ ನಿಂತು ಕೈ ತೊಳೆದು ಹಣೆಗೆ ಇಟ್ಟುಕೊಂಡೆ. ನಿನ್ನ ಮಾವ ಕಣ್ಣು ಒರೆಸಿಕೊಂಡು, ಹೊಗೆ ಎಂದರು. ಇಂಜಿನ್ನು ಗಾಡಿಯ ಆ ತುದಿಗೆ ಇತ್ತು.

ಬೂದಿ ಶುದ್ಧವಾಗಿದೆ. ಆದರೂ ನನ್ನನ್ನು ನಂಬಿ ಸಹಿ ಹಾಕಬೇಡ, ಪರೀಕ್ಷೆ ಮಾಡಿಸು. ಕುಲಾವಿ ಸುಡದೆ ಬಂದರೆ ಬಂತು ಎಂದು ಬರೆ, ಸುಟ್ಟರೆ ಸುಟ್ಟಿತು ಎಂದು ಬರೆ. ಹರಕೆ ಹೊತ್ತಿದ್ದೀಯಾ ಎಂದು ಮಾತ್ರ ಕೇಳಬೇಡ. ಹೊತ್ತಿದ್ದರೆ ಈಗ ಹೇಳುವ ಹಾಗಿಲ್ಲ.

ನಿನ್ನ ಅಕ್ಕ,
ತಾಯಕ್ಕ